ಮೊಣಕಾಲಿನ ಮೇಲೊಂದು ಪಂಜ

ಡೀಕನ್‌ಗೆ ವಯಸ್ಸು ಒಂಬತ್ತು, ಕಿವಿ ಒಂದೂವರೆ, ಗಂಟಲು ಮಾತ್ರ ಹತ್ತು ನಾಯಿಗಾಗುವಷ್ಟು. ಕರಿ ಮೈಯ, ಕಂದು ಹುಬ್ಬಿನ ಬೇಟೆನಾಯಿ. ಮನೆಯ ಹಿಂದೆ ಗೂಡ್ಸ್ ರೈಲು ಹಾದಾಗಲೆಲ್ಲ ಕತ್ತೆತ್ತಿ ಊಳಿಡುವುದು ಅವನ ಧರ್ಮ. ರೈಲು ದಿನಕ್ಕೆ ಬರುತ್ತಿದ್ದುದು ಎರಡೇ ಸಲ, ಬೆಳಗಿನ ಐದಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ. ಆದರೆ ಐದಕ್ಕೆ ಪಕ್ಕದ ಮನೆಯವರು ಮಲಗಿರುತ್ತಿದ್ದರು, ಎರಡಕ್ಕೆ ಡಾರೆಲ್ ಮಲಗಿರುತ್ತಿದ್ದ. ಡಾರೆಲ್ ನದಿ ದಂಡೆಯ ಕಾಗದದ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು.

ಅಕ್ಟೋಬರ್ ಕೊನೆಯ ಮಂಗಳವಾರ ಸಂಜೆ ಊಟಕ್ಕೆ ಕೂತಾಗ ಡಾರೆಲ್ ಒಂದು ಲಕೋಟೆಯನ್ನು ಹೆಂಡತಿಯ ತಟ್ಟೆಯ ಪಕ್ಕಕ್ಕೆ ತಳ್ಳಿದ.

"ಮಾರ್ಲಾ, ಇದನ್ನ ನೀನೇ ಓದು. ನಾನು ಓದಿದ್ರೆ ಬಾಯಿ ಕೆಡುತ್ತೆ."

ಟೌನ್‌ಷಿಪ್ ಕಚೇರಿಯ ಪತ್ರ. ಊಳಿನ ಬಗ್ಗೆ ಇದು ಮೂರನೆಯ ದೂರು. ಮೂವತ್ತು ದಿನದೊಳಗೆ ನಾಯಿಯನ್ನು ಮನೆಯಿಂದ ಕಳಿಸಬೇಕು. ಇಲ್ಲದಿದ್ದರೆ ಕಚೇರಿಯವರೇ ಬಂದು ಕೌಂಟಿಯ ನಾಯಿ ದೊಡ್ಡಿಗೆ ಒಯ್ಯುತ್ತಾರೆ. ಮಾರ್ಲಾ ಎರಡು ಸಲ ಓದಿದಳು. ಎರಡು ಸಲವೂ ಅದೇ ಇತ್ತು.

"ಏನಂತೆ?" ಎಂದಳು ಅತ್ತೆ ಐವಾ. ಎಂಬತ್ತೊಂದರ ಮುದುಕಿ, ಆಲೂಗಡ್ಡೆಯ ಮೇಲೆ ಗ್ರೇವಿ ಸುರಿದುಕೊಳ್ಳುತ್ತ ಸೊಸೆಯ ತುಟಿಯನ್ನೇ ನೋಡುತ್ತಿದ್ದಳು.

"ಡೀಕನ್ ಊಳಿಡ್ತಾನಂತೆ, ಅತ್ತೆ."

"ಯಾವ ಊಳು? ನಂಗೊಂದು ದಿನಾನೂ ಕೇಳ್ಸಿಲ್ಲ. ಈಗಿನೋರಿಗೆ ಎಲ್ಲಾ ಗಲಾಟೇನೇ."

"ಅಜ್ಜಿ, ನಿನ್ನ ಪಕ್ಕದಲ್ಲಿ ರೈಲೇ ನಿಂತ್ರೂ ನಿಂಗೆ ಕೇಳ್ಸಲ್ಲ. ಆ ಕಿವಿ ಮೆಷಿನ್ ಹಾಕ್ಕೋಬಾರ್ದಾ?" ಎಂದಳು ಮೊಮ್ಮಗಳು ಟೆಸ್. ಹತ್ತೊಂಬತ್ತರ ಹುಡುಗಿ, ದಿನಸಿ ಅಂಗಡಿಯಲ್ಲಿ ಕೆಲಸ, ನಾಲಿಗೆ ಅಜ್ಜಿಯದೇ.

"ಅದು ಶಿಳ್ಳೆ ಹೊಡಿಯುತ್ತೆ. ತಲೆಯೊಳಗೆ ಪೋಲಿ ಹುಡುಗ್ರನ್ನ ಕೂರಿಸ್ಕೊಂಡ ಹಾಗಿರುತ್ತೆ."

ಮೆಷಿನ್ ಮೂರು ವರ್ಷದಿಂದ ಫ್ರಿಜ್ಜಿನ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿಗಳ ಜೊತೆ ಮಲಗಿತ್ತು. ಆ ಡಬ್ಬಿಯ ಕೆಳಗೆ, ಫ್ರಿಜ್ಜಿನ ಬಾಗಿಲ ತುಂಬ, ನಲವತ್ತು ಫೋಟೋಗಳು. ಮಾರ್ಲಾ ಹಗಲು ಶಾಲೆಯ ಅಡುಗೆಮನೆಯಲ್ಲಿ ಬೇಯಿಸುವವಳು, ಉಳಿದ ಹೊತ್ತು ಫಿಲಿಸ್‌ಳ ಸಂಘದವಳು. ದೊಡ್ಡಿಯಿಂದ ಬಿಡಿಸಿದ ನಾಯಿಗಳಿಗೆ ಮನೆ ಹುಡುಕುವ ಸಂಘ ಅದು. ಮನೆ ಸಿಗುವವರೆಗೆ ನಾಯಿ ಮಾರ್ಲಾಳ ಮನೆಯಲ್ಲಿರಬೇಕು, ಸಿಕ್ಕ ದಿನ ಹೊಸ ಯಜಮಾನರ ಜೊತೆ ಅದರ ಫೋಟೋ ತೆಗೆಯಬೇಕು, ಫೋಟೋ ಫ್ರಿಜ್ಜಿಗೆ ಹತ್ತಬೇಕು. ನಾಲ್ಕು ವರ್ಷದಲ್ಲಿ ನಲವತ್ತು ಹೋಗಿದ್ದವು. ಮೂರು ವಾರಕ್ಕಿಂತ ಹೆಚ್ಚು ನಿಂತದ್ದು ಅಪರೂಪ. ನಲವತ್ತೊಂದನೆಯವನಾದ ಡೀಕನ್ ಫೆಬ್ರವರಿಯಲ್ಲಿ ಬಂದವನು ಇನ್ನೂ ಒಲೆಯ ಮುಂದೆಯೇ ಮಲಗಿದ್ದ.

ಡಾರೆಲ್ ಕೈಯೊರೆಸಿಕೊಂಡ. "ನವೆಂಬರ್ ಕೊನೆಯ ಹಬ್ಬದ ಹೊತ್ತಿಗೆ ಇವನು ಹೋಗಿರ್ಬೇಕು. ಮನೆಗೆ ಹೋಗ್ತಾನೋ ದೊಡ್ಡಿಗೆ ಹೋಗ್ತಾನೋ, ಅದು ನಿನ್ನ ಕೈಲಿದೆ. ದೊಡ್ಡಿಗೆ ಹೋದ ಅಂದ್ರೆ ನಲವತ್ತೆರಡನೇದು ಈ ಹೊಸಿಲು ದಾಟಲ್ಲ, ಹೇಳಿದೀನಿ."

"ಯಾಕೆ?"

"ಯಾಕಂದ್ರೆ ನೀನು ಅತ್ತು ಅತ್ತು ಸೊರಗ್ತೀಯ, ನಾನದನ್ನ ನೋಡಕ್ಕಾಗಲ್ಲ. ನಿದ್ದೆ ಅಂತೂ ಹೋಯ್ತು, ಹೆಂಡ್ತಿನಾದ್ರೂ ಉಳೀಲಿ."

ಒಂಬತ್ತು ವರ್ಷದ ನಾಯಿಗೆ ದೊಡ್ಡಿಯಲ್ಲಿ ಜಾಗ ಬಹಳ ದಿನ ಇರುವುದಿಲ್ಲ. ಅದು ಮೇಜಿನ ಸುತ್ತ ಇದ್ದ ನಾಲ್ವರಿಗೂ ಗೊತ್ತಿತ್ತು. ಐವಾ ಮೇಜಿನ ಕೆಳಗೆ ಕೈಯಿಳಿಸಿ ಒಂದು ತುಂಡು ಮಾಂಸ ದಾಟಿಸಿದಳು.

ಆಮೇಲಿನ ಎರಡು ವಾರ ಮನೆಯಲ್ಲಿ ಡೀಕನ್‌ನದೇ ಮಾತು. ಶನಿವಾರ ಶನಿವಾರ ಮಾರ್ಲಾ ಅವನನ್ನು ಉಜ್ಜಿ ತೊಳೆದು, ಕೊರಳಿಗೆ ಕೆಂಪು ಬಟ್ಟೆ ಕಟ್ಟಿ, ಕೃಷಿ ಸಾಮಾನಿನ ಅಂಗಡಿಯ ಮುಂದೆ ಸಂಘದ ಮೇಜಿನ ಪಕ್ಕ ನಿಲ್ಲಿಸುತ್ತಿದ್ದಳು. ಜನ ಬಂದು ಮರಿಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಡೀಕನ್‌ನ ತಲೆ ಸವರಿ, "ಪಾಪ, ಮುದುಕಪ್ಪ" ಎಂದು ಮುಂದೆ ಸಾಗುತ್ತಿದ್ದರು. ಮನೆಯಲ್ಲಿ ಅವನ ಕೂದಲು ನೂಡಲ್ಸಿನೊಳಗೆ, ಡಾರೆಲ್‌ನ ಕಾಲುಚೀಲದೊಳಗೆ, ಒಮ್ಮೆ ಐವಾಳ ಹಲ್ಲುಸೆಟ್ಟಿನ ಲೋಟದೊಳಗೂ ಸಿಕ್ಕಿತು. ಡಾರೆಲ್ ಹಗಲು ಕಿವಿಗೆ ಹತ್ತಿ ತುರುಕಿಕೊಂಡು ಮಲಗತೊಡಗಿದ.

"ಈ ಮನೇಲಿ ಕೇಳೋರೂ ಕಿವುಡ್ರಾದ್ರು" ಎಂದಳು ಟೆಸ್.

ಅವಳ ಜಗಳ ಬೇರೆ. ನಾಯಿಯ ಬಗ್ಗೆ ಅಮ್ಮ ಬರೆದ ಜಾಹೀರಾತನ್ನು ಫೋನಿನಲ್ಲಿ ಓದಿ ಹಣೆ ಚಚ್ಚಿಕೊಂಡಳು. "ಊಳಿಡುತ್ತಾನೆ. ಸೊಂಟ ನೋವು. ಬೆಕ್ಕು ಕಂಡರಾಗದು. ಮಾತ್ರೆಯನ್ನು ಚೀಸಿನಲ್ಲಿ ಮುಚ್ಚಿಕೊಡಬೇಕು... ಅಮ್ಮಾ, ಇದೇನು ಪೊಲೀಸ್ ಠಾಣೆ ವರದೀನಾ? ಅವನು ಒಳ್ಳೇವನು ಅಂತ ಒಂದು ಸಾಲಿಲ್ಲ!"

"ಸುಳ್ಳು ಹೇಳಿ ಕಳಿಸಿದ ನಾಯಿ ವಾರದಲ್ಲಿ ವಾಪಸ್ ಬರುತ್ತೆ."

"ಸರಿ, ಬಂದೋರ್ನಾದ್ರೂ ಯಾಕೆ ಓಡಿಸ್ತೀಯ? ಒಬ್ರಿಗೆ ಬೇಲಿ ಗಿಡ್ಡ ಅಂದೆ. ಇನ್ನೊಬ್ರಿಗೆ ಮನೇಲಿ ಮೆಟ್ಟಿಲು ಜಾಸ್ತಿ ಅಂದೆ. ನಿನ್ನೆ ಆಯಮ್ಮ ಫೋನಲ್ಲಿ ಜೋರಾಗಿ ಮಾತಾಡ್ತಾಳೆ ಅಂದೆ. ನೀನು ಮನೆ ಹುಡುಕ್ತಿದೀಯೋ, ನಾಯಿ ಬಚ್ಚಿಡ್ತಿದೀಯೋ?"

ಮಾರ್ಲಾ ಪಾತ್ರೆಯನ್ನು ಸಿಂಕಿಗೆ ಎಸೆದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಬೆಳಿಗ್ಗೆ ಅವಳು ಊಟದ ಡಬ್ಬಿ ಕಟ್ಟುವಾಗ ಡೀಕನ್ ಬಂದು ತನ್ನ ಇಡೀ ಭಾರವನ್ನು ಅವಳ ಕಾಲಿಗೆ ಆನಿಸಿ ನಿಲ್ಲುತ್ತಿದ್ದ. ನಲವತ್ತು ನಾಯಿಗಳಲ್ಲಿ ಯಾವುದೂ ಹಾಗೆ ನಿಂತಿರಲಿಲ್ಲ. ಅದನ್ನು ಮಗಳಿಗೆ ಹೇಳುವುದಾದರೂ ಹೇಗೆ?

"ನಿಂಗೇನು ಗೊತ್ತು? ಫಿಲಿಸ್‌ ಹತ್ರ ನಿಯಮ ಇದೆ. ಮೊದಲು ಅರ್ಜಿ, ಆಮೇಲೆ ಎರಡು ಸಲ ಫೋನು. ಎತ್ತದೇ ಇದ್ರೆ ಕಡತ ಬಂದ್. ಫೋನ್ ಎತ್ತದೋರು ನಾಯಿಗೆ ಅನ್ನ ಹಾಕ್ತಾರೆ ಅಂತ ಏನು ಗ್ಯಾರಂಟಿ?"

ಅದೇ ವಾರ ಎರಡು ತಾಸು ದೂರದ ಊರಿನಿಂದ ಕೆಸ್ಲರ್ ಎಂಬವರ ಅರ್ಜಿ ಬಂದಿತ್ತು. ಶಾಲೆಯಲ್ಲಿ ಮಕ್ಕಳ ಊಟ ಮುಗಿದ ಮೇಲೆ, ಸಾರಿನ ಪಾತ್ರೆಗಳ ನಡುವೆ ನಿಂತು ಮಾರ್ಲಾ ಮೊದಲ ಪುಟ ನೋಡಿ ಫೋನ್ ಮಾಡಿದಳು. ಎತ್ತಲಿಲ್ಲ. ಮರುದಿನ ಮತ್ತೆ ಮಾಡಿದಳು. ಎತ್ತಲಿಲ್ಲ. ಅರ್ಜಿಯ ಮೇಲೆ "ಉತ್ತರವಿಲ್ಲ" ಎಂದು ಬರೆದು, ಒಪ್ಪಿಲ್ಲವೆಂದು ಎರಡು ಸಾಲಿನ ಪತ್ರ ಕಳಿಸಿ ಕಡತ ಮುಚ್ಚಿದಳು. ಮುಚ್ಚುವಾಗ ಎದೆ ಹಗುರಾದದ್ದು ಅವಳಿಗೇ ತಿಳಿಯಿತು, ತಿಳಿಯದವಳಂತೆ ಸಾರಿನ ಪಾತ್ರೆ ತೊಳೆದಳು.

ಇನ್ನು ಹನ್ನೆರಡು ದಿನ ಉಳಿದಿತ್ತು. ಆ ಶುಕ್ರವಾರ ಶಾಲೆಯಲ್ಲಿ ನೀರಿನ ಕೊಳವೆ ಒಡೆದು ಮಾರ್ಲಾ ಮಧ್ಯಾಹ್ನಕ್ಕೆ ಮುಂಚೆಯೇ ಮನೆಗೆ ಬಂದಳು. ಹಿಂಬಾಗಿಲು ತೆಗೆದರೆ ಒಲೆಯ ಮೇಲೆ ನೀರು ಕುದ್ದು ಕೆಟಲ್‌ನ ಶಿಳ್ಳೆ ಕಿರುಚುತ್ತಿತ್ತು. ಐವಾ ಅದಕ್ಕೆ ಬೆನ್ನು ಹಾಕಿ ನೂಡಲ್ಸಿಗೆ ಹಿಟ್ಟು ಲಟ್ಟಿಸುತ್ತ ತನ್ನ ಪಾಡಿಗೆ ಕೂತಿದ್ದಳು. ಮಾರ್ಲಾ ಒಲೆ ಆರಿಸಲು ಹೆಜ್ಜೆ ಇಡುವಷ್ಟರಲ್ಲಿ ಡೀಕನ್ ಎದ್ದ. ನೇರ ಐವಾಳ ಬಳಿ ಹೋಗಿ ಮುಂಗಾಲೆತ್ತಿ ಅವಳ ಮೊಣಕಾಲಿನ ಮೇಲಿಟ್ಟ. ಒಲೆಯ ಕಡೆ ನೋಡಿದ. ಐವಾ ಲಟ್ಟಣಿಗೆ ಇಳಿಸಿ, "ಬಂದೆ ಕಣಪ್ಪ" ಎಂದು ಎದ್ದು, ಒಲೆ ಆರಿಸಿ, ಏಪ್ರನ್ನಿನ ಜೇಬಿನಿಂದ ಚೀಸಿನ ಚೂರು ತೆಗೆದು ಅವನ ಬಾಯಿಗಿಟ್ಟಳು. ತಿರುಗಿದಾಗ ಬಾಗಿಲಲ್ಲಿ ಸೊಸೆ.

"ಎಷ್ಟು ಹೊತ್ತಾಯ್ತು ಬಂದು?" ಎಂದಳು ಐವಾ, ಮುಖ ಕೆಂಪು ಮಾಡಿಕೊಂಡು.

"ಎಲ್ಲಾ ನೋಡಿದೆ, ಅತ್ತೆ."

ಐವಾ ಕುರ್ಚಿಗೆ ಕುಸಿದಳು. "ಏಪ್ರಿಲ್‌ನಲ್ಲಿ ಒಂದು ಪಾತ್ರೆ ಸೀದು ಕರಕಲಾಯ್ತು, ಯಾರಿಗೂ ಕಾಣದ ಹಾಗೆ ಹಿತ್ತಲಲ್ಲಿ ಹೂತು ಹಾಕ್ದೆ. ಅವತ್ತು ಇವನೇ ಬಂದು ಸೆರಗು ಹಿಡಿದ ಹಾಗೆ ಏಪ್ರನ್ ಎಳೆದಿದ್ದು. ಆಮೇಲೆ ನಾನೇ ಕಲಿಸ್ದೆ. ಕೆಟಲ್ಲು, ಓವನ್ ಗಂಟೆ, ಬಾಗಿಲು. ಒಂದೊಂದಕ್ಕೂ ಒಂದು ಚೂರು ಚೀಸು. ಡಾರೆಲ್‌ಗೆ ಹೇಳ್ಬೇಡ್ವೇ. ನಾನೊಬ್ಳೇ ಮನೇಲಿರ್ಬಾರ್ದು ಅಂತ ಕೂತ್ಬಿಡ್ತಾನೆ."

ಮಾರ್ಲಾ ಮೊಣಕಾಲೂರಿ ಅತ್ತೆಯ ಮುಖಕ್ಕೆ ನೇರವಾಗಿ, ತುಟಿ ಕಾಣುವಂತೆ ಹೇಳಿದಳು. "ಹಾಗಾದ್ರೆ ಇವನು ಇಲ್ಲೇ ಇರ್ಲಿ. ನಿಮಗೋಸ್ಕರ. ಕಚೇರಿಗೆ ಹೋಗಿ ಜಗಳ ಆಡ್ತೀನಿ."

"ಜಗಳ ಆಡಿದ್ರೆ ರೈಲು ನಿಲ್ಲುತ್ತಾ? ಇವನು ಊಳಿಡೋದು ನಿಲ್ಲುತ್ತಾ? ಹನ್ನೆರಡು ದಿನ ಆದ್ಮೇಲೆ ದೊಡ್ಡಿ ಗಾಡಿ ಬರುತ್ತೆ. ನನ್ನ ಕಿವಿ ಸಲುವಾಗಿ ಇವನ ಜೀವ ತೆಗೀತೀಯಾ?" ಐವಾ ಹಿಟ್ಟಿನ ಕೈ ಚಾಚಿದಳು. "ತಾ ಇಲ್ಲಿ, ನೀನು ಬೇಡ ಅಂದಿರೋ ಅರ್ಜಿ ಎಲ್ಲಾ ತಾ. ಟೆಸ್ ಹೇಳೋದು ಸುಳ್ಳೋ ನಿಜಾನೋ ನೋಡೋಣ."

ಮುದುಕಿ ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದಳು. ಗಿಡ್ಡ ಬೇಲಿಯವನು ಅಷ್ಟರಲ್ಲಿ ಬೇರೆ ನಾಯಿ ತಂದಿದ್ದ. ಮೆಟ್ಟಿಲಿನವರು ಊಳಿನ ಮಾತು ಕೇಳಿ ತಾವೇ ಹಿಂದೆ ಸರಿದಿದ್ದರು. ಕೊನೆಗೆ ಕೆಸ್ಲರ್‌ರದು. ಐವಾ ಮೊದಲ ಪುಟ ಓದಿದಳು, ಎರಡನೆಯದು ಓದಿದಳು, ಕೊನೆಯ ಪುಟದ ಕೆಳಗೆ ಬಂದು ನಿಂತಳು. ಹಾಳೆಯ ಮೇಲೆ ಹಿಟ್ಟಿನ ಬೆರಳು ಒತ್ತಿ ಸೊಸೆಯ ಕಡೆ ತಿರುಗಿಸಿದಳು.

"ಓದೇ, ಇದನ್ನ."

"ದಯವಿಟ್ಟು ಫೋನ್ ಮಾಡಬೇಡಿ, ಸಂದೇಶ ಕಳಿಸಿ. ನಾವು ಗಂಡ ಹೆಂಡತಿ ಇಬ್ಬರೂ ಕಿವುಡರು. ನಾಯಿ ಎಷ್ಟು ಊಳಿಟ್ಟರೂ ನಮ್ಮದೇನೂ ತಕರಾರಿಲ್ಲ. ಅಕ್ಕಪಕ್ಕ ಮನೆಯೂ ಇಲ್ಲ, ಇರುವುದು ಜೋಳದ ಹೊಲ."

ಮಾರ್ಲಾಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

"ಕಿವುಡ್ರಿಗೆ ಎರಡೆರಡು ಸಲ ಫೋನ್ ಮಾಡಿ, ಎತ್ತಲಿಲ್ಲ ಅಂತ ಬರ್ದಿದೀಯಲ್ಲೇ, ಮಹಾರಾಯ್ತಿ! ನಂಗೂ ಒಂದಿನ ಫೋನ್ ಮಾಡಿ ನೋಡು, ಸತ್ತೋಗಿದಾಳೆ ಅಂತ ಬರ್ಕೋ!"

ಹೇಳುತ್ತ ಹೇಳುತ್ತ ಐವಾ ನಗತೊಡಗಿದಳು, ಮಾರ್ಲಾ ಅಳತೊಡಗಿದಳು. ಡೀಕನ್ ಯಾರನ್ನು ಸಮಾಧಾನ ಮಾಡಬೇಕೋ ತೋಚದೆ ಇಬ್ಬರ ನಡುವೆ ಮಲಗಿಬಿಟ್ಟ.

ಟೆಸ್ ಕೆಲಸದಿಂದ ಬಂದ ಮೇಲೆ ಮೂವರೂ ಕೂತು ಸಂದೇಶ ಬರೆದರು. ತಪ್ಪು ನನ್ನದು, ಪೂರ್ತಿ ಓದಲಿಲ್ಲ, ಕ್ಷಮಿಸಿ, ಇನ್ನೂ ಬೇಕಿದ್ದರೆ ಬನ್ನಿ, ಎಂದು. ಕ್ಷಮಿಸಿ ಎಂಬುದನ್ನು ಮಾರ್ಲಾ ಎರಡು ಕಡೆ ಸೇರಿಸಿದಳು. ಹತ್ತು ನಿಮಿಷದಲ್ಲಿ ಉತ್ತರ ಬಂತು. "ಇನ್ನೂ ಬೇಕು. ನಾವು ಕಿವುಡರು ಅಂತಲೇ ಬೇಡ ಅಂದಿರಿ ಅಂದುಕೊಂಡಿದ್ದೆವು. ನಮಗೆ ಅದು ಹೊಸದಲ್ಲ. ಭಾನುವಾರ ಬರುತ್ತೇವೆ. ವನೀಟಾ."

"ಅಮ್ಮಾ, ಈ ಸಲ ಬೇಲಿ ಅಳೀಬೇಡ" ಎಂದಳು ಟೆಸ್.

ಭಾನುವಾರ ಮಧ್ಯಾಹ್ನ ವನೀಟಾ ಮತ್ತು ಗ್ಲೆನ್ ಬಂದರು. ಅವಳು ಗುಂಡಗಿನ ನಗುಮುಖದವಳು, ಕೊರಳಲ್ಲಿ ದಾರಕ್ಕೆ ಕಟ್ಟಿದ ಚಿಕ್ಕ ಪುಸ್ತಕ, ಪೆನ್ಸಿಲ್ಲು. ಅವನು ಎತ್ತರದ ಬಡಗಿ. ಕೋಳಿ ನೂಡಲ್ಸು, ಅದರ ಕೆಳಗೆ ಬೆಣ್ಣೆ ಆಲೂಗಡ್ಡೆ ಬಡಿಸಿದ ಮೇಲೆ ಇಬ್ಬರ ಕೈಗಳೂ ಸನ್ನೆಯ ಮಾತು ಬಿಟ್ಟು ಊಟಕ್ಕಿಳಿದವು. ವನೀಟಾ ಬರೆದು ಬರೆದು ಮೇಜಿನ ಸುತ್ತ ಪುಸ್ತಕ ದಾಟಿಸುತ್ತಿದ್ದಳು. ಐವಾ ಅದನ್ನು ಯಾರಿಗೂ ಬಿಟ್ಟುಕೊಡಲೊಲ್ಲಳು.

"ನೋಡ್ರೋ, ಮಾತಾಡಿದ್ರೆ ಹಿಂಗೆ ಮಾತಾಡ್ಬೇಕು. ಒಬ್ರೂ ಗೊಣಗಲ್ಲ, ಒಬ್ರೂ ಬೆನ್ನು ತಿರುಗಿಸ್ಕೊಂಡು ಮಾತಾಡಲ್ಲ."

ವನೀಟಾ ಬರೆದಳು: "ಇವನಿಗೆ ಏನೇನು ಬರುತ್ತದೆ?"

ಟೆಸ್ ಅದನ್ನು ಗಟ್ಟಿಯಾಗಿ ಓದಿದಳು. ಮಾರ್ಲಾ ಅತ್ತೆಯ ಕಡೆ ನೋಡಿದಳು. ಹೇಳುವ ಹಕ್ಕು ತನ್ನದಲ್ಲ. ಡಾರೆಲ್ ಎದುರಿಗೇ ಕೂತಿದ್ದ, ಇನ್ನೊಂದು ಸೌಟು ನೂಡಲ್ಸು ಹಾಕಿಕೊಳ್ಳುತ್ತ.

ಐವಾ ಚಮಚ ಕೆಳಗಿಟ್ಟಳು. ಮಗನನ್ನೊಮ್ಮೆ ನೋಡಿದಳು, ನಾಯಿಯನ್ನೊಮ್ಮೆ ನೋಡಿದಳು.

"ಕೆಟಲ್ ಇಡು, ಮಾರ್ಲಾ."

ಕೆಟಲ್ ಕೂಗಿತು. ಡೀಕನ್ ಎದ್ದು, ಮೇಜು ಸುತ್ತಿ ಬಂದು, ಐವಾಳ ಮೊಣಕಾಲಿನ ಮೇಲೆ ಪಂಜ ಇಟ್ಟ. ಐವಾ ಹೋಗಿ ಒಲೆ ಆರಿಸಿ ಬಂದಳು. ವನೀಟಾಳ ಕಣ್ಣು ಅರಳಿತು. ಡಾರೆಲ್‌ನ ಸೌಟು ಅಲ್ಲೇ ನಿಂತಿತ್ತು.

"ಇದೇನಮ್ಮಾ?"

"ನಂಗೆ ಕೇಳ್ಸಲ್ಲ ಕಣೋ. ಕೆಟಲ್ಲೂ ಕೇಳ್ಸಲ್ಲ, ಬಾಗಿಲೂ ಕೇಳ್ಸಲ್ಲ. ನೀನು ಕೆಲಸದಿಂದ ಬಂದಿದ್ದೂ ಇವನು ಹೇಳಿದ್ರೇನೇ ಗೊತ್ತಾಗೋದು."

"ದಿನಾ ನಿನ್ನೊಬ್ಳನ್ನೇ ಬಿಟ್ಟು ಎಲ್ಲಾ ಕೆಲಸಕ್ಕೆ ಹೋಗ್ತೀವಲ್ಲಮ್ಮ! ನಾನು ಮೇಲೆ ಸತ್ತ ಹಾಗೆ ಮಲಗಿರ್ತೀನಿ! ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಯಾವುದಾದ್ರೂ ವೃದ್ಧಾಶ್ರಮದ ಪಟ್ಟೀಲಿ ನನ್ನ ಹೆಸರು ಬರೀತಿದ್ದೆ."

"ಬರೀತಿರ್ಲಿಲ್ಲ."

"ಈಗ ಹಂಗಂತೀಯ."

"ಅಮ್ಮಾ, ಬರೀತಿರ್ಲಿಲ್ಲ!" ಡಾರೆಲ್‌ನ ದನಿ ಒಡೆಯಿತು. ಐವಾಳಿಗೆ ದನಿ ಕೇಳಲಿಲ್ಲ. ಮುಖ ಕಂಡಿತು. ಕೈ ಚಾಚಿ ಅವನ ಮಣಿಕಟ್ಟನ್ನು ಎರಡು ಸಲ ತಟ್ಟಿದಳು.

"ಸರಿ ಬಿಡು. ಈಗ ಇವಳಿಗೆ ಕಲಿಸೋಣ."

ವನೀಟಾಳ ಜೇಬಿಗೆ ಚೀಸು ಬಂತು. ಕೆಟಲ್ ಮತ್ತೆ ಕೂಗಿತು, ಡೀಕನ್ ಮತ್ತೆ ಐವಾಳ ಬಳಿಗೇ ಬಂದ. ಮೂರನೆಯ ಸಲವೂ ಹಾಗೆಯೇ ಆಯಿತು. ವನೀಟಾ ನಗುತ್ತಲೇ ಇದ್ದಳು, ಆದರೆ ನಗು ಕೊಂಚ ಕೊಂಚ ಸಣ್ಣದಾಗುತ್ತಿತ್ತು. ಎರಡು ತಾಸು ದೂರದ ಹೊಲದ ಮನೆಯಲ್ಲಿ ಐವಾ ಇರುವುದಿಲ್ಲ. ಆಗ ಐವಾ ಎದ್ದಳು. ಡೀಕನ್‌ನ ಒಂದೂವರೆ ಕಿವಿಯನ್ನು ಒಮ್ಮೆ ಸವರಿ, ತನ್ನ ಕುರ್ಚಿಯಲ್ಲಿ ವನೀಟಾಳನ್ನು ಕೂರಿಸಿ, ತನ್ನ ಏಪ್ರನ್ ಬಿಚ್ಚಿ ಅವಳಿಗೆ ಕಟ್ಟಿದಳು. ತಾನು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಲಾ ನಾಲ್ಕನೆಯ ಸಲ ಒಲೆ ಹಚ್ಚಿದಳು. ಕೆಟಲ್ ಮೊದಲು ಗುಸುಗುಸು ಎಂದಿತು, ಆಮೇಲೆ ಕಿರುಚಿತು. ಡೀಕನ್ ಎದ್ದು ಮುಚ್ಚಿದ ಬಾಗಿಲ ತನಕ ಹೋದ. ಮೂಸಿದ. ನಿಂತ. ಮಾರ್ಲಾ ತನ್ನ ಕೈಯನ್ನು ತಾನೇ ಹಿಡಿದುಕೊಂಡಳು. ಒಂದು ಸಿಳ್ಳೆ, ಒಂದು ಸನ್ನೆ ಸಾಕಿತ್ತು, ಅವನು ತನ್ನ ಕಡೆ ಬಂದುಬಿಡುತ್ತಿದ್ದ. ಅವಳು ಕದಲಲಿಲ್ಲ. ಡೀಕನ್ ಹಿಂತಿರುಗಿ ಏಪ್ರನ್ ನೋಡಿದ, ಅದರೊಳಗಿದ್ದ ಹೊಸ ಮುಖ ನೋಡಿದ, ನಿಧಾನಕ್ಕೆ ನಡೆದು ಬಂದು ವನೀಟಾಳ ಮೊಣಕಾಲಿನ ಮೇಲೆ ಪಂಜ ಇಟ್ಟ.

ಟೆಸ್ ಕೂಗಿ ಕುಣಿದಳು. ಗ್ಲೆನ್ ಎರಡು ಕೈಗಳನ್ನೂ ಮೇಲೆತ್ತಿ ಗಾಳಿಯಲ್ಲಿ ಅಲ್ಲಾಡಿಸಿದ. ಅದು ಅವರ ಚಪ್ಪಾಳೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಡಾರೆಲ್ ಕೂಡ ಎರಡು ಕೈ ಎತ್ತಿ ಅಲ್ಲಾಡಿಸಿದ, ಒಂದರಲ್ಲಿ ಸೌಟು ಹಿಡಿದೇ.

ಅಷ್ಟರಲ್ಲಿ ಎರಡು ಗಂಟೆಯ ರೈಲು ಬಂತು. ಡೀಕನ್ ಕತ್ತೆತ್ತಿ ಕಿಟಕಿ ಗಾಜು ನಡುಗುವಂತೆ ಊಳಿಟ್ಟ. ಮಾರ್ಲಾ ಗಾಬರಿಯಾಗಿ ಗ್ಲೆನ್‌ನ ಮುಖ ನೋಡಿದಳು. ಅವನು ನಾಯಿಯ ಪಕ್ಕ ಕೂತು ಅದರ ಎದೆಯ ಮೇಲೆ ಅಂಗೈ ಒತ್ತಿದ್ದ. ಊಳು ಅವನ ಕೈಯೊಳಗೆ ಹರಿಯುತ್ತಿತ್ತು. ಅವನು ಹೆಂಡತಿಯನ್ನು ಕರೆದ. ಅವಳೂ ಕೈ ಇಟ್ಟಳು. ರೈಲು ಪೂರ್ತಿ ಹಾದುಹೋಗುವವರೆಗೂ ಗಂಡ ಹೆಂಡತಿ ಮಕ್ಕಳಂತೆ ನಗುತ್ತ ಕೂತಿದ್ದರು.

"ಒಂಬತ್ತು ತಿಂಗಳು ಇದನ್ನ ಬೈದೆನಲ್ಲ" ಎಂದ ಡಾರೆಲ್.

ಬುಧವಾರ ಫಿಲಿಸ್ ಖುದ್ದಾಗಿ ಅವರ ಮನೆ ನೋಡಿ ಬಂದಳು. ಗ್ಲೆನ್ ಎದೆಯೆತ್ತರದ ಬೇಲಿ ಹಾಕಿದ್ದಲ್ಲದೆ ಸೊಂಟ ನೋವಿನವನಿಗೆಂದು ಮೆಟ್ಟಿಲ ಪಕ್ಕ ಇಳಿಜಾರು ಹಲಗೆ ಕೂರಿಸಿದ್ದನಂತೆ. ಜಾಹೀರಾತಿನಲ್ಲಿ ಮಾರ್ಲಾ ಬರೆದ ಒಂದೊಂದು ದೋಷವನ್ನೂ ಅವರು ಓದಿಕೊಂಡಿದ್ದರು. ಅರ್ಜಿ ನಮೂನೆಯ ಮೊದಲ ಸಾಲಿನಲ್ಲೇ ಫಿಲಿಸ್ ಹೊಸ ಪ್ರಶ್ನೆ ಸೇರಿಸಿದಳು: ನಿಮ್ಮನ್ನು ಮಾತಾಡಿಸುವುದು ಹೇಗೆ?

ಶನಿವಾರ, ಗಡುವಿಗೆ ನಾಲ್ಕು ದಿನ ಇರುವಾಗ, ಅಂಗಡಿಯ ಮುಂದೆ ಮಾರ್ಲಾ ತನ್ನ ಕೈಯಿಂದಲೇ ಹಗ್ಗವನ್ನು ವನೀಟಾಳ ಕೈಗೆ ಕೊಟ್ಟಳು. ಫೋಟೋದಲ್ಲಿ ಹೊಸ ಮನೆಯವರು ಮಾತ್ರ ಇರಬೇಕೆಂಬುದು ಸಂಘದ ಪದ್ಧತಿ. ವನೀಟಾ ಪದ್ಧತಿ ಕೇಳುವವಳಲ್ಲ. ಐವಾಳ ತೋಳು ಹಿಡಿದೆಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಕಾರು ತಿರುವು ದಾಟಿದ ಮೇಲೆ ಮಾರ್ಲಾ ನಿಂತಲ್ಲೇ ಜೋರಾಗಿ ಅತ್ತಳು. ದುಃಖವೂ ಇತ್ತು, ಆದರೆ ಗೆದ್ದ ಸಂತೋಷ ಅದಕ್ಕಿಂತ ದೊಡ್ಡದಿತ್ತು. ಮನೆಗೆ ಬಂದು ನಲವತ್ತೊಂದನೆಯ ಫೋಟೋವನ್ನು ಫ್ರಿಜ್ಜಿಗೆ ಅಂಟಿಸಿದಳು. ಜಾಗ ಸಾಲದೆ ಡಾರೆಲ್ ಗ್ಯಾರೇಜಿನ ತಗಡಿನ ಹಲಗೆ ತಂದು ಪಕ್ಕದ ಗೋಡೆಗೆ ಹೊಡೆದ. ಅದರ ಮೇಲೆ ಐವತ್ತು ಫೋಟೋ ಹಿಡಿಯುವಷ್ಟು ಜಾಗವಿತ್ತು.

ಹಬ್ಬದ ದಿನ ಟರ್ಕಿ ಓವನ್ನಿನಿಂದ ಇಳಿಯುವ ಹೊತ್ತಿಗೆ ವನೀಟಾಳ ಸಂದೇಶ ಬಂತು. ಟೆಸ್ ಓದಿದಳು: "ಓವನ್ ಗಂಟೆ ಹೊಡೆದದ್ದನ್ನು ಡೀಕನ್ ಬಂದು ಹೇಳಿದ. ಮದುವೆಯಾದ ಮೇಲೆ ಮೊದಲ ಸಲ ನನ್ನ ಕುಂಬಳಕಾಯಿ ಪೈ ಸೀಯಲಿಲ್ಲ. ಗ್ಲೆನ್‌ಗೆ ಬೇಜಾರು, ಸೀದದ್ದೇ ರುಚಿಯಂತೆ."

ಎಲ್ಲರೂ ನಕ್ಕರು. ಐವಾ ಕೂಡ ನಕ್ಕಳು, ಎಲ್ಲರ ಜೊತೆಗೇ. ಮಾರ್ಲಾ ತಟ್ಟೆ ಹಿಡಿದವಳು ಹಾಗೇ ನಿಂತಳು. ಟೆಸ್ ಓದಿದ್ದು ಅಜ್ಜಿಗೆ ಬೆನ್ನು ಮಾಡಿಕೊಂಡು.

ಫೋನ್ ಬಡಿದುಕೊಂಡಿತು. ಡಾರೆಲ್ ಕತ್ತರಿಸುವ ಚಾಕು ಕೆಳಗಿಡುವಷ್ಟರಲ್ಲಿ, ಮೂರು ವರ್ಷದಿಂದ ಫೋನ್ ಮುಟ್ಟದ ಮುದುಕಿ ಎದ್ದಳು. ಅವಳ ಬಿಳಿ ಕೂದಲ ಅಡಿಯಿಂದ ಕಿವಿ ಮೆಷಿನ್ ಇಣುಕುತ್ತಿತ್ತು. ಫ್ರಿಜ್ಜಿನ ಮೇಲೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆರೆದೇ ಇತ್ತು.

"ಯಾರು? ಫಿಲಿಸಾ? ಮೂರು ಕಾಲಿನ ನಾಯೀನಾ? ಊಳಿಡುತ್ತಾ?" ಐವಾ ಮಗನ ಕಡೆ ನೋಡಿದಳು. ಡಾರೆಲ್ ಚಾಕು ಹಿಡಿದ ಕೈಯಲ್ಲೇ ಆಗಲಿ ಎಂದು ಸನ್ನೆ ಮಾಡಿದ.

"ಅಷ್ಟು ಜೋರಾಗಿ ಯಾಕಮ್ಮಾ ಕೂಗ್ತೀಯ, ನಂಗೆ ಚೆನ್ನಾಗಿ ಕೇಳಿಸ್ತಿದೆ" ಎಂದಳು ಐವಾ. "ಕರ್ಕೊಂಡು ಬಾ."